ಜಾಮೀನುದಾರರ ಅಕ್ಕರೆ

ಸಾಲ ಮಾಡಿದವನನ್ನು ಕಂಡರೆ ಜನ ರಸ್ತೆಯ ಆಚೆ ಬದಿಗೆ ದಾಟುತ್ತಾರೆ, ಅವನ ಕಷ್ಟಸುಖ ಕೇಳುವವರೇ ಇರುವುದಿಲ್ಲ ಎಂದು ಅನೇಕರು ಹೇಳುವುದನ್ನು ಕೇಳಿದ್ದೇನೆ. ನಾನು ಅದನ್ನು ಒಪ್ಪುವುದಿಲ್ಲ. ನನ್ನ ಈವರೆಗಿನ ಬಾಳಿನಲ್ಲಿ ಬೇರೆಯವರು ನನ್ನನ್ನು ಜತನದಿಂದ ನೋಡಿಕೊಂಡದ್ದು ಒಟ್ಟು ಮೂರು ವರ್ಷ ಮಾತ್ರ, ಆ ಮೂರು ವರ್ಷವೂ ನಾನು ಕುತ್ತಿಗೆಯವರೆಗೆ ಸಾಲದಲ್ಲಿದ್ದೆ. ಆಗ ನಾನು ಒಮ್ಮೆ ಸೀನಿದರೆ ಎರಡು ಮನೆಗಳಲ್ಲಿ ಕಳವಳವಾಗುತ್ತಿತ್ತು. ನಾನು ಉಂಡೆನೇ, ಮಲಗಿದೆನೇ, ಮಳೆಯಲ್ಲಿ ನೆನೆದೆನೇ ಎಂದು ದಿನಾ ವಿಚಾರಿಸುವವರಿದ್ದರು. ಒಡಹುಟ್ಟಿದ ಅಣ್ಣ ನನಗೆ ವರ್ಷಕ್ಕೊಂದು ಕಾಗದ ಬರೆಯುತ್ತಿದ್ದ, ಅದೂ ಗದ್ದೆಯ ತಕರಾರಿನ ಬಗ್ಗೆ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಬೆಳುವಾಯಿಯ ಒಂದು ಹೈಸ್ಕೂಲಿನಲ್ಲಿ ಸಮಾಜಪಾಠದ ಮಾಷ್ಟ್ರು. ಮೂಡುಬಿದಿರೆಯಲ್ಲಿ ಬಾಡಿಗೆ ಮನೆ, ಮನೆಯಲ್ಲಿ ನಾನು ಮತ್ತು ಹೆಂಡತಿ ವಾರಿಜ. ಆ ಕಾಲಕ್ಕೆ ನಮ್ಮ ಕಡೆಯ ಅಂಗಡಿಗಳಲ್ಲಿ ಕಂತಿನ ವ್ಯಾಪಾರ ಶುರುವಾಗಿತ್ತು. ಸಾಮಾನು ಇವತ್ತೇ ಮನೆಗೆ, ಹಣ ತಿಂಗಳು ತಿಂಗಳು. ಇದಕ್ಕಾಗಿ ಅಂಗಡಿಯವರು ಗುಲಾಬಿ ಬಣ್ಣದ ದಪ್ಪ ಕಾಗದದ ಒಂದು ಕಾರ್ಡು ಕೊಡುತ್ತಿದ್ದರು. ಅದರಲ್ಲಿ ಹನ್ನೆರಡು ಚೌಕಗಳು. ಕಂತು ಕಟ್ಟಿದಾಗಲೆಲ್ಲ ಒಂದು ಚೌಕದೊಳಗೆ ಸಾಹುಕಾರರು ರುಜು ಹಾಕುವುದು. ಮೊದಲ ಸಲ ಅಂಗಡಿಗೆ ಹೋದಾಗ ಅವರು ನನ್ನನ್ನು ಕುಳ್ಳಿರಿಸಿ, ಸೋಡಾ ತರಿಸಿಕೊಟ್ಟು, "ಮಾಷ್ಟ್ರಿಗೆ ಹಣದ ಅವಸರ ಎಂಥದು? ನಿಮ್ಮ ಮುಖವೇ ಸಾಕು, ತೆಕ್ಕೊಂಡು ಹೋಗಿ" ಎಂದರು. ನನ್ನ ಮುಖಕ್ಕೆ ಅಲ್ಲಿಯವರೆಗೆ ಯಾರೂ ಬೆಲೆ ಕಟ್ಟಿರಲಿಲ್ಲ. ನಾನು ಸೋತುಹೋದೆ.

ಸ್ಟೀಲ್ ಕಪಾಟು ಬಂತು. ಗೋಡೆ ಗಡಿಯಾರ ಬಂತು. ಕುಕ್ಕರ್ ಬಂತು. ವಾರಿಜಳಿಗೆ ಹೊಲಿಗೆ ಯಂತ್ರ ಬಂತು. ರೇಡಿಯೋ ಮಾತ್ರ ಬಂಟ್ವಾಳದ ಪೇಟೆಯಿಂದ ತಂದದ್ದು. ಅದನ್ನು ತೊಡೆಯ ಮೇಲಿಟ್ಟುಕೊಂಡು ವಾಮದಪದವಿನ ಮೇಲೆ ಸುತ್ತಿ ಬರುವ ಬಸ್ಸಿನಲ್ಲಿ ಕುಳಿತಿದ್ದೆ. ಬಸ್ಸಿನ ಅಷ್ಟೂ ಜನ ಹಾಡು ಹಾಕಿ ಎಂದು ಒತ್ತಾಯ ಮಾಡಿದರು. ಬ್ಯಾಟರಿ ಇಲ್ಲ ಎಂದರೆ ನಂಬಲಿಲ್ಲ. ಒಬ್ಬ ಅಜ್ಜಿಯಂತೂ, "ಒಂದು ವಾರ್ತೆಯಾದರೂ ಹಾಕಿ ಮಗಾ, ಇಷ್ಟು ಜಿಪುಣತನ ಒಳ್ಳೇದಲ್ಲ" ಎಂದು ಇಳಿಯುವವರೆಗೂ ಗೊಣಗಿದರು. ಇಷ್ಟಾಗುವಾಗ ನನ್ನ ಕಿಸೆಯಲ್ಲಿ ಐದು ಕಾರ್ಡುಗಳಿದ್ದವು. ಕಿಸೆ ಉಬ್ಬಿದ್ದನ್ನು ಕಂಡು ಸಹೋದ್ಯೋಗಿಗಳು ನನ್ನ ಬಗ್ಗೆ ಗೌರವದಿಂದ ಮಾತಾಡತೊಡಗಿದ್ದರು.

ವಾರಿಜಳಿಗೆ ನಾನು ಹೇಳಿದ್ದು ಬೇರೆ. "ಹಿಂದಿನ ವರ್ಷಗಳ ಬಾಕಿ ವೇತನವು ಮಂಜೂರಾಗಿ ಬಂದಿರುತ್ತದೆ" ಎಂದಿದ್ದೆ. ನಮ್ಮ ಮನೆಮಾತು ತುಳು. ಗಂಜಿಗೆ ಕರೆಯುವುದು, ಜಗಳವಾಡುವುದು, ಮುದ್ದುಮಾಡುವುದು ಎಲ್ಲವೂ ತುಳುವಿನಲ್ಲೇ. ಸುಳ್ಳು ಹೇಳುವಾಗ ಮಾತ್ರ ನನ್ನ ಬಾಯಿಯಿಂದ ಶಾಲೆಯ ಕನ್ನಡ, ಅದೂ ಸುತ್ತೋಲೆಯ ಕನ್ನಡ, ತಾನಾಗಿ ಹೊರಡುತ್ತದೆ. ಇದು ನನಗೆ ತಿಳಿದಿರಲಿಲ್ಲ. ವಾರಿಜಳಿಗೆ ಮದುವೆಯಾದ ತಿಂಗಳಿನಿಂದಲೇ ತಿಳಿದಿತ್ತಂತೆ. ಆದರೂ ಅವಳು ಅಂದು ಏನೂ ಹೇಳದೆ ಕುಕ್ಕರನ್ನು ತೊಳೆದಿಟ್ಟಳು.

ಐದು ಕಾರ್ಡು ಇರುವವನಿಗೆ ತಿಂಗಳ ಮೊದಲ ವಾರ ಎಂದರೇನೆಂದು ನಾನು ವಿವರಿಸುವುದಿಲ್ಲ. ಮೊದಲು ಒಂದು ಕಾರ್ಡಿನ ಚೌಕ ಖಾಲಿ ಉಳಿಯಿತು, ಆಮೇಲೆ ಎರಡು. ಸೋಡಾ ತರಿಸಿಕೊಟ್ಟ ಸಾಹುಕಾರರೇ ಶಾಲೆಯ ಜಗಲಿಯಲ್ಲಿ ಬಂದು ಕುಳಿತುಕೊಳ್ಳತೊಡಗಿದರು. ಒಂದು ದಿನ ಇಬ್ಬರು ಒಟ್ಟಿಗೆ ಬಂದುಬಿಟ್ಟರು. ನಾನು ಬೆಲ್ ಆದ ಮೇಲೂ ಅರ್ಧ ಗಂಟೆ ಬಿಡದೆ ಪಾಠ ಮಾಡಿದೆ. ಯಾರಲ್ಲಾದರೂ ಹೇಳಿಕೊಳ್ಳದಿದ್ದರೆ ಎದೆ ಒಡೆದೀತು ಅನ್ನಿಸಿ, ಬಂಟ್ವಾಳದಲ್ಲಿದ್ದ ಬಾವನ ಮನೆಗೆ ಹೋದೆ. ಅವನು ನನ್ನ ಕತೆಯನ್ನು ಅರ್ಧ ಕೇಳಿ, "ನಿಮ್ಮದೆಂಥದು ಬಾವ, ನನ್ನದು ಕೇಳಿ" ಎಂದು ತನ್ನ ಸಾಲಗಳನ್ನು ಶುರುಮಾಡಿದ. ಸಂಜೆಯವರೆಗೂ ಮುಗಿಯಲಿಲ್ಲ. ಕೊನೆಗೆ ಅವನ ಬೆನ್ನು ತಟ್ಟಿ ಸಮಾಧಾನ ಮಾಡಿ, ಕಾಫಿ ಕೊಡಿಸಿ ಬಂದವನು ನಾನೇ.

ಆಗ ನನ್ನ ಕೈ ಹಿಡಿದವರು ನಮ್ಮ ಶಾಲೆಯ ಡ್ರಿಲ್ ಮಾಷ್ಟ್ರು ಸಂಜೀವ ಮಾಷ್ಟ್ರು. ದೊಡ್ಡ ಆಳು, ದೊಡ್ಡ ಗಂಟಲು, ಕುತ್ತಿಗೆಯಲ್ಲಿ ಸದಾ ಸೀಟಿ. ನಾನು ಹೇಳಿದ್ದನ್ನೆಲ್ಲ ಕೇಳಿ, "ಇದಕ್ಕೆಲ್ಲ ತಲೆಬಿಸಿ ಎಂಥಕೆ ಮಾರಾಯ್ರೆ? ಸೊಸೈಟಿಯಲ್ಲಿ ಒಂದು ಸಾಲ ತೆಗೆಯುವ, ಈ ಐದನ್ನೂ ಒಮ್ಮೆಲೇ ಮುಗಿಸುವ. ಮತ್ತೆ ಒಂದೇ ಕಂತು. ಜಾಮೀನಿಗೆ ನಾನು ಇದ್ದೇನೆ" ಎಂದರು. ಇನ್ನೊಬ್ಬ ಜಾಮೀನುದಾರರು ಶಾಲೆಯ ಗುಮಾಸ್ತ ವಾಸುದೇವ ರಾಯರು. ತೆಳ್ಳಗಿನ ದೇಹ, ಮೂಗಿನ ತುದಿಯಲ್ಲಿ ಕನ್ನಡಕ, ಜೊತೆಗೆ ಹೋಮಿಯೋಪತಿಯ ಬಿಳಿ ಗುಳಿಗೆಗಳ ಡಬ್ಬಿ. ಸಂಜೀವ ಮಾಷ್ಟ್ರು ಅವರನ್ನು ಹೆಗಲ ಮೇಲೆ ಕೈಹಾಕಿ ಕರೆತಂದದ್ದು. ಕೈ ತೆಗೆದಿದ್ದರೆ ಅವರು ಓಡುತ್ತಿದ್ದರು ಎಂದು ನನ್ನ ನಂಬಿಕೆ.

ಸೊಸೈಟಿಯ ಮ್ಯಾನೇಜರು ಮೂರು ವರ್ಷದ ಪತ್ರವನ್ನು ನಿಧಾನವಾಗಿ ಓದಿ ಹೇಳಿದರು. "ಸದರಿ ಸಾಲಗಾರನು ಮೂವತ್ತಾರು ಕಂತುಗಳಲ್ಲಿ ಯಾವುದಕ್ಕೇ ತಪ್ಪಿದಲ್ಲಿ, ಊರು ಬಿಟ್ಟಲ್ಲಿ, ಅಥವಾ ಮೃತಪಟ್ಟಲ್ಲಿ, ಬಾಕಿಯನ್ನು ಜಾಮೀನುದಾರರ ವೇತನದಿಂದ..." ಇಲ್ಲಿಯವರೆಗೆ ನಗುತ್ತಿದ್ದ ಸಂಜೀವ ಮಾಷ್ಟ್ರು ತಟ್ಟನೆ ನನ್ನತ್ತ ತಿರುಗಿದರು. ನನ್ನನ್ನು ಅವರು ಹನ್ನೊಂದು ವರ್ಷಗಳಿಂದ ನೋಡುತ್ತಿದ್ದರು. ಆದರೆ ನಾನು ಮೃತಪಡಬಹುದಾದ ಪ್ರಾಣಿ ಎಂಬುದು ಅವರಿಗೆ ಹೊಳೆದದ್ದು ಅಂದೇ ಇರಬೇಕು. ವಾಸುದೇವ ರಾಯರು ರುಜು ಹಾಕಿ, ಪೆನ್ನಿನ ಮುಚ್ಚಳ ಹಾಕಿ, "ನಿಮ್ಮ ತಂದೆಯವರು ಎಷ್ಟನೇ ವಯಸ್ಸಿಗೆ ಹೋದದ್ದು?" ಎಂದು ಮೆಲ್ಲಗೆ ಕೇಳಿದರು.

ಮಾರನೆಯ ದಿನದಿಂದಲೇ ನನ್ನ ಉಪಚಾರ ಶುರುವಾಯಿತು. ಮೊದಲು ಹೋದದ್ದು ಸೈಕಲ್ಲು. ಮೂಡುಬಿದಿರೆಯಿಂದ ಬೆಳುವಾಯಿಗೆ ನಾನು ಸೈಕಲ್ಲಿನಲ್ಲಿ ಹೋಗುವವನು. ದಾರಿಯಲ್ಲಿ ಲಾರಿಗಳು ಜಾಸ್ತಿ ಎಂದು ಸಂಜೀವ ಮಾಷ್ಟ್ರು ಅದನ್ನು ನಿಲ್ಲಿಸಿದರು. ಬದಲಿಗೆ ತಮ್ಮ ಸೈಕಲ್ಲಿನ ಕ್ಯಾರಿಯರಿನಲ್ಲಿ ಕುಳ್ಳಿರಿಸಿಕೊಂಡು ಹೋಗುತ್ತೇನೆ ಎಂದರು. ವಾಸುದೇವ ರಾಯರು ಬಿಳಿಚಿಕೊಂಡರು. "ಬೇಡ ಬೇಡ, ನೀವು ಇಬ್ಬರೂ ಬಿದ್ದರೆ ನಾನೊಬ್ಬನೇ ಉಳಿಯುವುದಲ್ವಾ?" ಎಂದರು. ಕಡೆಗೆ ನಾನು ಬಸ್ಸಿನಲ್ಲಿ ಹೋಗುವುದೆಂದೂ ಬಾಗಿಲ ಹತ್ತಿರ ನಿಲ್ಲಬಾರದೆಂದೂ ತೀರ್ಮಾನವಾಯಿತು. ಮಧ್ಯಾಹ್ನ ನನ್ನ ಬುತ್ತಿಯಲ್ಲಿ ಬಂಗುಡೆ ಮೀನು ಕಂಡರೆ ಸಂಜೀವ ಮಾಷ್ಟ್ರು ಎದುರಿಗೆ ಬಂದು ಕುಳಿತು, "ಮುಳ್ಳು ಉಂಟು, ನೋಡಿಕೊಂಡು" ಎನ್ನುತ್ತಿದ್ದರು. ರಾಯರು ಬೆಳಿಗ್ಗೆ ಹಾಜರಿ ಪುಸ್ತಕ ಮುಂದಿಡುವಾಗ ನನ್ನ ನಾಲಗೆ ನೋಡಿ, ನಾಲ್ಕು ಗುಳಿಗೆ ಕೈಗೆ ಹಾಕಿ, ಇಡೀ ಸ್ಟಾಫ್ ರೂಮಿಗೆ ಕೇಳುವಂತೆ ಗುಟ್ಟಾಗಿ, "ಬೆಳಿಗ್ಗೆ ಹೊಟ್ಟೆ ಸರಿ ಹೋಯ್ತಾ?" ಎಂದು ವಿಚಾರಿಸುತ್ತಿದ್ದರು.

ಮೊದಮೊದಲು ನಾಚಿಕೆಯಾಯಿತು. ಆಮೇಲೆ ಸುಖವೆನಿಸಿತು, ಸುಳ್ಳೇಕೆ ಹೇಳಲಿ? ಸಾಲದ ಚಿಂತೆ ನನಗಿಂತ ಹೆಚ್ಚು ಅವರಿಗಿತ್ತು, ಹಾಗಾಗಿ ನನಗೆ ಕಡಿಮೆಯಾಯಿತು. ಐದನೇ ತಾರೀಕಿನಂದು ಇಬ್ಬರೂ ನನ್ನ ಎಡಬಲಕ್ಕೆ ನಡೆದು ಸೊಸೈಟಿಗೆ ಕರೆದೊಯ್ಯುತ್ತಿದ್ದರು. ಕಂತು ಕಟ್ಟಿ ಹೊರಬಂದ ಮೇಲೆ ಸಂಜೀವ ಮಾಷ್ಟ್ರು, "ಒಂದು ಹೋಯ್ತು ಮಾಷ್ಟ್ರೆ, ಗಟ್ಟಿ ಇರಿ" ಎಂದು ನನ್ನ ಬೆನ್ನಿಗೆ ಗುದ್ದುತ್ತಿದ್ದರು. ಆ ಗುದ್ದಿನಲ್ಲಿ ಎಂಥದೋ ಒಂದು ಧೈರ್ಯವಿತ್ತು. ನೋವೂ ಇತ್ತು.

ಇದೇ ಹೊತ್ತಿಗೆ ಮನೆಯಲ್ಲೂ ನನ್ನ ಭಾಗ್ಯ ತೆರೆದಿತ್ತು. ಮಾತಿಗೆ ಮಾತು ಕೊಡದೆ ಬಿಡದ ವಾರಿಜ ಇದ್ದಕ್ಕಿದ್ದಂತೆ ಮೆತ್ತಗಾದಳು. ಮೀನಿನ ನಡುವಿನ ತುಂಡು ನನಗೇ ಬಡಿಸುವಳು. ನಾನು ಹೇಳಿದ್ದಕ್ಕೆಲ್ಲ ಹೂಂ. ಒಮ್ಮೊಮ್ಮೆ ನನ್ನನ್ನೇ ನೋಡುತ್ತ ನಿಂತು, ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋಗುವಳು. ನಲವತ್ತು ದಾಟಿದ ಮೇಲೆ ನನ್ನ ಮುಖಕ್ಕೆ ಒಂದು ಕಳೆ ಬಂದಿದೆ ಎಂದು ಗಡಿಯಾರದ ಗಾಜಿನಲ್ಲಿ ನೋಡಿಕೊಂಡು ನಾನೇ ತೀರ್ಮಾನಿಸಿದೆ.

ಮನುಷ್ಯನಿಗೆ ಸುಖ ಹೆಚ್ಚಾದರೆ ಬುದ್ಧಿ ಕೆಡುತ್ತದೆ. ಹದಿನೇಳನೆಯ ಕಂತಿನ ತಿಂಗಳು ವಿಪರೀತ ಸೆಕೆ. ಸಂಬಳ ಕಿಸೆಯಲ್ಲಿತ್ತು. ಅಂಗಡಿಯ ಮುಂದೆ ಹಾದುಹೋಗುವಾಗ ಒಳಗೆ ಸೀಲಿಂಗ್ ಫ್ಯಾನು ತಿರುಗುತ್ತಿತ್ತು. ನಾನು ಅದರ ಕೆಳಗೆ ಒಂದು ನಿಮಿಷ ನಿಲ್ಲಲು ಹೋದದ್ದು. ಸಾಹುಕಾರರು ಹಳೆಯದನ್ನೆಲ್ಲ ಮರೆತು ಮತ್ತೆ ಸೋಡಾ ತರಿಸಿದರು. ಹೊರಗೆ ಬರುವಾಗ ಸೊಸೈಟಿಯ ಕಂತಿನ ಹಣ ಫ್ಯಾನಿನ ಮುಂಗಡವಾಗಿ ಹೋಗಿತ್ತು. ಕಿಸೆಯಲ್ಲಿ ಆರನೆಯ ಕಾರ್ಡು ಇತ್ತು.

ಐದನೇ ತಾರೀಕಿನಂದು ಹೊಟ್ಟೆನೋವೆಂದು ರಜೆ ಹಾಕಿ, ಸಂಜೆ ನಮ್ಮ ಮನೆಯ ಹತ್ತಿರದ ಕೆರೆಯ ಮೆಟ್ಟಿಲಲ್ಲಿ ಕುಳಿತೆ. ಜಾಮೀನುದಾರರಿಬ್ಬರಿಗೆ ಯಾವ ಮುಖ ತೋರಿಸುವುದೆಂದು ಯೋಚಿಸುತ್ತಿದ್ದೆ. ಅಂದು ನಿಜವಾಗಿಯೂ ದುಃಖವಾಗಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು. ಈ ಯೋಚನೆಯಲ್ಲಿ ಕಾಲು ಆಡಿಸುವಾಗ ಒಂದು ಚಪ್ಪಲಿ ಜಾರಿ ನೀರಿಗೆ ಬಿದ್ದು ತೇಲಿತು. ಅದನ್ನು ಕೊಡೆಯ ಕೊಕ್ಕೆಯಿಂದ ಎಳೆಯೋಣವೆಂದು ಕೊನೆಯ ಮೆಟ್ಟಿಲಿಗೆ ಇಳಿದು ಮುಂದಕ್ಕೆ ಬಾಗಿದೆ. ಅಷ್ಟರಲ್ಲಿ ಮೇಲಿನಿಂದ ಸೀಟಿ ಕೇಳಿಸಿತು. ಕಂತು ಬಾರದ ಸುದ್ದಿಯನ್ನು ಸೊಸೈಟಿಯಲ್ಲಿ ಕೇಳಿ ಇಬ್ಬರೂ ನನ್ನನ್ನು ಊರೆಲ್ಲ ಹುಡುಕುತ್ತಿದ್ದರಂತೆ. "ಬೇಡ ಮಾಷ್ಟ್ರೆ, ಬೇಡ! ಹಣ ನಾವು ಕಟ್ಟುವ!" ಎಂದು ಕಿರುಚುತ್ತ ಸಂಜೀವ ಮಾಷ್ಟ್ರು ಮೆಟ್ಟಿಲು ಹಾರಿ ಬಂದರು. ನನ್ನನ್ನು ಹಿಡಿಯಲು ಬಂದ ರಭಸಕ್ಕೆ, ನನ್ನನ್ನು ದಾಟಿ, ತಾವೇ ಕೆರೆಗೆ ಬಿದ್ದರು. ಅವರಿಗೆ ಈಜು ಬರುವುದಿಲ್ಲವೆಂಬುದು ಆಗ ಗೊತ್ತಾಯಿತು. ನನ್ನ ಕೊಡೆಯ ಕೊಕ್ಕೆ ಅವರ ಸೀಟಿಯ ದಾರಕ್ಕೆ ಸಿಕ್ಕಿದ್ದರಿಂದ ಬಚಾವು. ನಾನು ಎಳೆದೆ, ವಾಸುದೇವ ರಾಯರು ನನ್ನ ಸೊಂಟ ಹಿಡಿದು ಎಳೆದರು, ಮೂವರೂ ಒಟ್ಟಿಗೆ ಮುಳುಗಿ ಎದ್ದೆವು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಮ್ಮನ್ನು ಮನೆಯವರೆಗೆ ಮೆರವಣಿಗೆಯಲ್ಲಿ ತಲುಪಿಸಿದರು.

ವಾರಿಜ ಬಾಗಿಲಲ್ಲೇ ನಿಂತಿದ್ದಳು. ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ನೀರು ತೊಟ್ಟಿಕ್ಕುತ್ತ ನಾನು ಆರಂಭಿಸಿದೆ: "ಈ ಮೂಲಕ ನಿನಗೆ ತಿಳಿಯಪಡಿಸುವುದೇನೆಂದರೆ..."

"ಸರಿಯಾಗಿ ಹೇಳಿ!" ಎಂದಳು ವಾರಿಜ.

ತುಳುವಿನಲ್ಲಿ ಹೇಳಿದೆ. ಐದು ಕಾರ್ಡು, ಸೊಸೈಟಿ, ಆರನೆಯ ಕಾರ್ಡು, ಎಲ್ಲವನ್ನೂ. ಹೇಳಿ ಮುಗಿಸಿ ತಲೆತಗ್ಗಿಸಿ ನಿಂತೆ.

"ಸಾಲವಾ?" ಎಂದಳು. "ಸಾಲ ಮಾತ್ರವಾ? ಬೇರೆ ಎಂಥದೂ ಇಲ್ವಾ?"

"ಬೇರೆ ಎಂಥದು?"

ವಾರಿಜ ಅಲ್ಲೇ ಹೊಸ್ತಿಲಲ್ಲಿ ಕುಳಿತು ಗಳಗಳನೆ ಅತ್ತುಬಿಟ್ಟಳು. ಅಳುತ್ತಲೇ ನಗುತ್ತಿದ್ದಳು. ಏಳು ತಿಂಗಳ ಹಿಂದೆ ಸಂಜೀವ ಮಾಷ್ಟ್ರು ಅವಳನ್ನು ಪೇಟೆಯಲ್ಲಿ ಕಂಡು, "ಅಕ್ಕ, ಇನ್ನು ಇಪ್ಪತ್ತಾರು ತಿಂಗಳು. ಅಲ್ಲಿಯವರೆಗೆ ಹೇಗಾದರೂ ಅವರನ್ನು ಜಾಗ್ರತೆ ನೋಡಿಕೊಳ್ಳುವ. ಅವರ ಹತ್ತಿರ ನೀವೇನೂ ಕೇಳಲಿಕ್ಕೆ ಹೋಗ್ಬೇಡಿ" ಎಂದಿದ್ದರಂತೆ. ಕಿಸೆಯಲ್ಲಿ ದಿನಾ ಬಿಳಿ ಗುಳಿಗೆ ಸಿಗುತ್ತಿತ್ತು. ಸೈಕಲ್ಲು ನಿಂತಿತ್ತು. ನನಗೆ ಯಾವುದೋ ವಾಸಿಯಾಗದ ಕಾಯಿಲೆ, ಡಾಕ್ಟರು ಇಪ್ಪತ್ತಾರು ತಿಂಗಳ ಗಡುವು ಕೊಟ್ಟಿದ್ದಾರೆ, ಅವಳಿಗೆ ನೋವಾಗಬಾರದೆಂದು ನಾನು ಮುಚ್ಚಿಟ್ಟಿದ್ದೇನೆ ಎಂದು ಅವಳು ತಿಳಿದಿದ್ದಳು. "ದಿನಾ ಎಣಿಸ್ತಾ ಇದ್ದೆ. ಹತ್ತೊಂಬತ್ತಕ್ಕೆ ಬಂದಿತ್ತು" ಎಂದಳು. ಮೀನಿನ ನಡುವಿನ ತುಂಡಿನ ಗುಟ್ಟು ಆಗ ಬಯಲಾಯಿತು. ಏಳು ತಿಂಗಳು ನನ್ನ ಸಾವನ್ನು ಒಬ್ಬಳೇ ಹೊತ್ತುಕೊಂಡು, ನನ್ನೆದುರು ನಗುಮುಖ ಇಟ್ಟುಕೊಂಡಿದ್ದವಳ ಮುಂದೆ ನಾನು ಮುಖದ ಕಳೆಯ ಲೆಕ್ಕ ಹಾಕುತ್ತಿದ್ದೆನಲ್ಲ ಎಂದು ನನಗೂ ಅಳು ಬಂತು. ಸಂಜೀವ ಮಾಷ್ಟ್ರು ಅದಾಗಲೇ ಅಳುತ್ತಿದ್ದರು. ವಾಸುದೇವ ರಾಯರು ಒದ್ದೆಯಾದ ಡಬ್ಬಿ ತೆರೆದು ಎಲ್ಲರಿಗೂ ನಾಲ್ಕು ನಾಲ್ಕು ಗುಳಿಗೆ ಹಂಚಿದರು.

ಸಾಲಗಾರನೊಬ್ಬನನ್ನು ಅಷ್ಟು ಸಂತೋಷದಿಂದ ಬರಮಾಡಿಕೊಂಡ ಮನೆ ಇನ್ನೊಂದಿರಲಾರದು. ಆದರೆ ಆ ಸಂತೋಷದ ಆಯುಸ್ಸು ಒಂದು ಸಂಜೆ. ಮಾರನೆಯ ಬೆಳಿಗ್ಗೆ ವಾರಿಜ ನನ್ನನ್ನು ಎದುರಿಗೆ ಕುಳ್ಳಿರಿಸಿ, ಏಳು ತಿಂಗಳು ತಡೆದುಕೊಂಡಿದ್ದ ಮಾತುಗಳನ್ನೆಲ್ಲ ಒಂದೇ ಸಲಕ್ಕೆ ಹೇಳಿ ಮುಗಿಸಿದಳು. ನಡುವಿನ ತುಂಡು ಅಂದಿನಿಂದ ಅವಳ ತಟ್ಟೆಗೆ ಹೋಯಿತು. ಮೇಲಾಗಿ ನನ್ನ ಜೀವಕ್ಕಾಗಿ ಅವಳು ಮೂರು ದೇವಸ್ಥಾನಗಳಿಗೆ ಹೂವಿನ ಪೂಜೆ, ಬೆಳ್ತಂಗಡಿ ಕಡೆಯ ತನ್ನ ತವರಿನ ದೈವಕ್ಕೆ ಬೆಳ್ಳಿಯ ಗಂಟೆ ಹೇಳಿಕೊಂಡಿದ್ದಳು.

"ಕಾಯಿಲೆಯೇ ಇರಲಿಲ್ಲವಲ್ಲ, ಮತ್ತೆ ಹರಕೆ ಯಾಕೆ?" ಎಂದೆ.

"ನೀವು ಗಟ್ಟಿ ಇದ್ದೀರಲ್ಲ? ಹರಕೆ ಸಂದಿದೆ ಅಂತಲೇ ಲೆಕ್ಕ. ತೀರಿಸದೆ ಆಗ್ತದಾ?"

"ಸ್ವಲ್ಪ ಸ್ವಲ್ಪ ತೀರಿಸಿದರೆ?"

"ದೈವದ ಹತ್ತಿರ ಕಂತು ಇಲ್ಲ" ಎಂದಳು ವಾರಿಜ.

ಫ್ಯಾನು ಅಂಗಡಿಗೆ ವಾಪಸು ಹೋಯಿತು. ಅವಳೇ ಹೋಗಿ, ಸೋಡಾ ಮುಟ್ಟದೆ, ಮುಂಗಡ ಬಿಡಿಸಿಕೊಂಡು ಬಂದಳು. ನನ್ನ ಐದು ಸಾಮಾನುಗಳಲ್ಲಿ ದುಡಿಯಲು ಗೊತ್ತಿದ್ದದ್ದು ಹೊಲಿಗೆ ಯಂತ್ರಕ್ಕೆ ಮಾತ್ರ. ಅವಳು ಕೇರಿಯವರ ರವಿಕೆ ಹೊಲಿದು ದೈವದ ಗಂಟೆಯನ್ನೂ ತೀರಿಸಿದಳು, ನನ್ನ ಕಂತಿಗೂ ಕೂಡಿಸಿದಳು. ಐದನೇ ತಾರೀಕಿನ ನಮ್ಮ ಮೆರವಣಿಗೆಯಲ್ಲಿ ಈಗ ನಾಲ್ವರು, ವಾರಿಜ ಮುಂದೆ.

ಮೂವತ್ತಾರನೆಯ ಕಂತು ಕಟ್ಟಿದ ದಿನ ಮ್ಯಾನೇಜರು ಸಾಲಪತ್ರವನ್ನು ಹರಿದು ಕೈಗೆ ಕೊಟ್ಟರು. ಸಂಜೀವ ಮಾಷ್ಟ್ರು ಕೊನೆಯ ಗುದ್ದು ಗುದ್ದಿದರು. ಮಾರನೆಯ ದಿನ ನಾನು ಬ್ರೇಕಿಲ್ಲದ ಸೈಕಲ್ಲನ್ನು ಬೇಕೆಂದೇ ವಾಸುದೇವ ರಾಯರ ಕಣ್ಣೆದುರು ಇಳಿಜಾರಿನಲ್ಲಿ ಬಿಟ್ಟೆ. ಅವರು ತಲೆ ಎತ್ತಿ, "ಹಾಜರಿಗೆ ರುಜು ಹಾಕಿದ್ದೀರಾ?" ಎಂದರು, ಅಷ್ಟೆ. ಬುತ್ತಿಯಲ್ಲಿ ಬಂಗುಡೆ ಇದ್ದರೂ ಎದುರಿನ ಕುರ್ಚಿ ಖಾಲಿ. ಆಮೇಲೊಮ್ಮೆ ಮೂರು ದಿನ ಜ್ವರದಲ್ಲಿ ಮಲಗಿದಾಗ ಶಾಲೆಯಿಂದ ಬಂದದ್ದು ರಜಾ ಅರ್ಜಿಯ ನಮೂನೆ ಮಾತ್ರ. ನನಗೆ ಬಹಳ ಬೇಸರವಾಯಿತು. ಇಷ್ಟು ದಿನ ಅವರು ನೋಡಿಕೊಂಡದ್ದು ನನ್ನನ್ನಲ್ಲ, ಸಾಲವನ್ನು ಎಂದು ಗೋಡೆಗೆ ಮುಖಮಾಡಿ ಮಲಗಿದೆ. ವಾರಿಜ ಗಂಜಿ ತಂದಿಟ್ಟು, "ಅವರಿಗೂ ಅವರವರ ಮನೆ ಉಂಟಲ್ಲ" ಎಂದಳು. ನನಗೆ ಸಮಾಧಾನವಾಗಲಿಲ್ಲ.

ಅದೇ ವರ್ಷ ಸಂಜೀವ ಮಾಷ್ಟ್ರ ಮಗಳ ಮದುವೆ ಗೊತ್ತಾಯಿತು. ಅವರು ಸೊಸೈಟಿಯ ಫಾರಂ ಹಿಡಿದುಕೊಂಡು ಸಂಕೋಚದಿಂದ ಬಂದರು. "ಐದು ವರ್ಷದ ಸಾಲ. ಜಾಮೀನಿಗೆ ನೀವು ಆಗಬಹುದಾ?" ಎಂದರು. ಆಗದೆ ಇರುತ್ತದೆಯೇ? ಹೋದೆ, ಮ್ಯಾನೇಜರು ಓದಿದ್ದನ್ನು ಕೇಳಿದೆ, "ಮೃತಪಟ್ಟಲ್ಲಿ" ಬಂದಾಗ ನನಗೆ ಅರಿವಿಲ್ಲದೆ ತಿರುಗಿ ನೋಡಿದೆ. ಸಂಜೀವ ಮಾಷ್ಟ್ರಿಗೆ ಎಷ್ಟು ಹೊಟ್ಟೆ ಬಂದಿದೆ! ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬೇರೆ.

ರುಜು ಹಾಕಿ ಹೋಟೆಲಿಗೆ ಹೋದೆವು. ಅವರು ಒಂದು ಪ್ಲೇಟು ಗೋಳಿಬಜೆ ತಿಂದು ಇನ್ನೊಂದು ತರಿಸಿದರು. ನಾನು ಪ್ಲೇಟನ್ನು ನನ್ನ ಕಡೆಗೆ ಎಳೆದುಕೊಂಡೆ.

"ಎಣ್ಣೆ ತಿಂಡಿ ಸಾಕು ಮಾಷ್ಟ್ರೆ."

ಅವರು ನನ್ನನ್ನೇ ನೋಡಿದರು, ಆಮೇಲೆ ನಕ್ಕರು. "ಅರುವತ್ತು ಕಂತು ಉಂಟು ಮಾರಾಯ್ರೆ. ಅರುವತ್ತು ತಿಂಗಳು ಗೋಳಿಬಜೆ ಇಲ್ವಾ?"

"ಇಲ್ಲ."

"ಸಾಲ ತೀರಿದ ಮೇಲೆ?"

ಆಮೇಲೆ ನಿಮಗೆ ಬೇಕಾದ್ದು ತಿನ್ನಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಇಷ್ಟು ದೊಡ್ಡ ಈ ಮನುಷ್ಯ ಇಲ್ಲದ ಒಂದು ಶಾಲೆ, ಸೀಟಿಯ ಸದ್ದಿಲ್ಲದ ಒಂದು ಸಂಜೆ ಕಣ್ಣೆದುರು ಬಂದು ಹೋಯಿತು. ಸಾಲಕ್ಕೆ ಹೆದರಿ ಎಳೆದ ಪ್ಲೇಟನ್ನು ನಾನು ಈಗ ಯಾಕೆ ಬಿಗಿಯಾಗಿ ಹಿಡಿದಿದ್ದೇನೆಂದು ನನಗೇ ತಿಳಿಯಲಿಲ್ಲ. ಅವರಿಗೂ ಹೀಗೆಯೇ ಆಗಿತ್ತೋ ಏನೋ. ಜ್ವರದಲ್ಲಿ ಗೋಡೆಯ ಕಡೆ ಮುಖಮಾಡಿ ಮಲಗಿದ್ದು ನೆನಪಾಗಿ ನಾಚಿಕೆಯಾಯಿತು.

"ಆಮೇಲೆಯೂ ಬೇಡ" ಎಂದೆ.

ಸಂಜೀವ ಮಾಷ್ಟ್ರು ಚಾ ಕುಡಿದರು. ಬಿಸಿಬಿಸಿ ತಿಂಡಿ, ಹಾಳುಮಾಡುವುದು ಸರಿಯಲ್ಲ. ಪ್ಲೇಟಿನಲ್ಲಿದ್ದ ನಾಲ್ಕನ್ನೂ ನಾನೇ ತಿಂದೆ. ನನಗೆ ಆಗ ಒಂದು ಪೈಸೆಯ ಸಾಲವೂ ಇರಲಿಲ್ಲವಾದ್ದರಿಂದ ಯಾರೂ ತಡೆಯಲಿಲ್ಲ.